ಉತಾರದಿಂದ ಸ್ನ್ಯಾಪ್‌ಶಾಟ್‌ವರೆಗೆ: ನಡೆಯುತ್ತಿರುವ ವ್ಯವಸ್ಥೆಯ ಚಿತ್ರ ತೆಗೆದ ಚರಿತ್ರೆ

ನಿಂತಿರುವ ವಸ್ತುವಿನ ಚಿತ್ರ ತೆಗೆಯುವುದು ಸುಲಭ. ವಿಜಯಪುರದ ಗೋಳಗುಮ್ಮಟದ ಒಂದು ಭಾಗವನ್ನು ಬೆಳಿಗ್ಗೆ, ಇನ್ನೊಂದು ಭಾಗವನ್ನು ಸಂಜೆ ಚಿತ್ರೀಕರಿಸಿ ಜೋಡಿಸಿದರೂ ಗುಮ್ಮಟ ಗುಮ್ಮಟವಾಗಿಯೇ ಕಾಣುತ್ತದೆ. ಆದರೆ ಜನ ಓಡಾಡುತ್ತಿರುವ ಸಂತೆಯ ಚಿತ್ರವನ್ನು ಹೀಗೆ ಬಿಡಿಬಿಡಿಯಾಗಿ ತೆಗೆದರೆ ಏನಾಗುತ್ತದೆ? ಬೆಳಿಗ್ಗೆ ಪೂರ್ವದ ತುದಿಯಲ್ಲಿ ಕಂಡ ವ್ಯಕ್ತಿ ಸಂಜೆ ಪಶ್ಚಿಮದ ತುದಿಯಲ್ಲಿಯೂ ಕಾಣಿಸಿಕೊಳ್ಳುತ್ತಾನೆ, ಒಬ್ಬನೇ ಇಬ್ಬರಾಗುತ್ತಾನೆ. ಇನ್ನೊಬ್ಬ ಎರಡೂ ಚಿತ್ರಗಳಿಂದ ತಪ್ಪಿಸಿಕೊಳ್ಳುತ್ತಾನೆ; ಸಂತೆಯಲ್ಲಿದ್ದೂ ಇಲ್ಲವಾಗುತ್ತಾನೆ.

ಇಂದಿನ ಗಣಕ ವ್ಯವಸ್ಥೆಗಳು ಇಂಥ ಸಂತೆಗಳೇ. ಬ್ಯಾಂಕು, ರೈಲ್ವೆ ಟಿಕೆಟ್ಟು, ಭೂದಾಖಲೆ ಯಾವುದೇ ಇರಲಿ, ಅದು ಒಂದೇ ಯಂತ್ರದೊಳಗೆ ಇರುವುದಿಲ್ಲ. ದೂರದ ದತ್ತಾಂಶ ಕೇಂದ್ರಗಳಲ್ಲಿ ಅಗತ್ಯಕ್ಕೆ ತಕ್ಕಂತೆ ಪಡೆದುಕೊಂಡ ನೂರಾರು ಸರ್ವರ್‌ಗಳು, ಡಿಸ್ಕ್‌ಗಳು, ಜಾಲಗಳು, ಅನುಮತಿಗಳು ಸೇರಿ ಅದು ನಡೆಯುತ್ತದೆ. ಈ ಏರ್ಪಾಡಿಗೆ ಕ್ಲೌಡ್ ಎಂಬ ಹೆಸರು ಬಂದಿದೆ. ಇಂಥ ವ್ಯವಸ್ಥೆಯನ್ನು ನಿಲ್ಲಿಸದೆ, ಅದು ಈ ಹೊತ್ತು ಹೇಗಿದೆ ಎಂಬುದರ ಸ್ನ್ಯಾಪ್‌ಶಾಟ್ ಅಂದರೆ ಕ್ಷಣಚಿತ್ರವನ್ನು ತಾನಾಗಿಯೇ ತೆಗೆದುಕೊಡುವ ತಂತ್ರಾಂಶಗಳು ಈಗ ಬಳಕೆಯಲ್ಲಿವೆ. ಈ ಸಲಕರಣೆ ಹೊಸದು. ಅದು ಎದುರಿಸುವ ಸಮಸ್ಯೆ ಹಳೆಯದು. ವಿಜಯಪುರ, ತಿಕೋಟಾ, ಬಬಲೇಶ್ವರದ ರೈತರ ಕೈಯಲ್ಲಿರುವ ಉತಾರದಲ್ಲಿಯೇ ಆ ಸಮಸ್ಯೆಯ ಚರಿತ್ರೆ ಅಡಗಿದೆ.

ಸರಪಳಿ ಹಿಡಿದು ತೆಗೆದ ಚಿತ್ರ

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತ್ಯದ ಸರಕಾರ ಜಮೀನುಗಳನ್ನು ಕ್ರಮಬದ್ಧವಾಗಿ ಅಳೆಯಿಸಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪಿಸಿದ ಪದ್ಧತಿಗೆ 1847ರ ಜಂಟಿ ವರದಿ ನಿಯಮಗಳ ರೂಪ ಕೊಟ್ಟಿತು. ಆ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಗೂ ಇದೇ ಪದ್ಧತಿ ಬಂದಿತು. ಅಳತೆಯ ಸಾಧನ 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರ್ ಬಂತು, ಗಡಿಗೆ ಕಲ್ಲು ಬಿತ್ತು. ಮಣ್ಣಿನ ಬಣ್ಣ ಮತ್ತು ಆಳ ನೋಡಿ ದರ್ಜೆ ನಿಗದಿಯಾಯಿತು, ಅದರ ಮೇಲೆ 30 ವರ್ಷಗಳ ಅವಧಿಗೆ ಕಂದಾಯ ಗೊತ್ತಾಯಿತು.

ಇದೊಂದು ಒಳ್ಳೆಯ ಚಿತ್ರ. ನೆಲ ಕದಲುವುದಿಲ್ಲವಾದ್ದರಿಂದ 30 ವರ್ಷ ಬಾಳುವ ಚಿತ್ರವೂ ಹೌದು. ಆದರೆ ನೆಲದ ಮೇಲಿನ ಹಕ್ಕು ಕದಲುತ್ತದೆ. ಹೊಲ ಮಾರಾಟವಾಗುತ್ತದೆ, ಅಡವು ಬೀಳುತ್ತದೆ, ತಂದೆ ತೀರಿಕೊಂಡರೆ ಮಕ್ಕಳಿಗೆ ಹಂಚಿಹೋಗುತ್ತದೆ. ಕಂದಾಯ ಕಟ್ಟುವವನ ಹೆಸರು ಒಂದು, ಉಳುವವನು ಇನ್ನೊಬ್ಬ, ಸಾಲ ಕೊಟ್ಟು ಹಿಡಿದುಕೊಂಡವನು ಮತ್ತೊಬ್ಬ ಎಂಬ ಸ್ಥಿತಿ ಬಂದಾಗ ಅಳತೆಯ ನಕ್ಷೆಯೊಂದೇ ಸಾಲದೆ ಹೋಯಿತು.

ಇದಕ್ಕೆ ಉತ್ತರವಾಗಿ ಬಂದದ್ದು 1903ರ ಮುಂಬಯಿ ಹಕ್ಕು ದಾಖಲೆ ಕಾಯ್ದೆ. 1913ರಲ್ಲಿ ಅದು ಪ್ರಾಂತ್ಯದ ಭೂಕಂದಾಯ ಸಂಹಿತೆಯೊಳಗೆ ಸೇರಿತು. ಈ ಪದ್ಧತಿಯಲ್ಲಿ ಬೆಳೆದುಬಂದ ಜಾಣ್ಮೆ ಎರಡು ಪುಸ್ತಕಗಳನ್ನು ಬೇರೆಬೇರೆಯಾಗಿ ಇಡುವುದರಲ್ಲಿದೆ. ಒಂದರಲ್ಲಿ ಈಗ ಯಾರ ಹಕ್ಕು ಏನು ಎಂಬ ವಿವರ. ನಮ್ಮ ಭಾಗದ ಜನ ಉತಾರ ಎಂದು ಕರೆಯುವುದು ಇದರ ಪ್ರತಿಯನ್ನೇ. ಇನ್ನೊಂದು ಮ್ಯುಟೇಶನ್ ರಜಿಸ್ಟರ್. ಹಕ್ಕು ಬದಲಾದಾಗ ರೈತ ವರ್ದಿ ಕೊಡಬೇಕು. ಅದು ಈ ಪುಸ್ತಕದಲ್ಲಿ ಸರಣಿ ಸಂಖ್ಯೆಯೊಂದಿಗೆ ದಾಖಲಾಗಬೇಕು. ತಕರಾರಿದ್ದವರು ಹೇಳಿಕೊಳ್ಳಲು ನೋಟೀಸು ಹೊರಡಬೇಕು. ಪರಿಶೀಲನೆ ಮುಗಿದ ಮೇಲಷ್ಟೇ ಉತಾರ ತಿದ್ದಬೇಕು. ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಇದೇ ಮೂಲದ ದಾಖಲೆಯನ್ನು ಸಾತ್‌ಬಾರಾ ಎನ್ನುತ್ತಾರೆ. ಗ್ರಾಮದ 7ನೆಯ ನಮೂನೆ ಹಕ್ಕಿನದು, 12ನೆಯದು ಬೆಳೆಯದು; ಬದಲಾವಣೆಗಳ ಪುಸ್ತಕ 6ನೆಯದು.

ಗಣಕ ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಉತಾರ ಎಂಬುದು ಸ್ಥಿತಿಯ ಚಿತ್ರ, ಮ್ಯುಟೇಶನ್ ರಜಿಸ್ಟರ್ ಘಟನೆಗಳ ದಿನಚರಿ. ಹಳೆಯ ಚಿತ್ರ ಮತ್ತು ಅಲ್ಲಿಂದೀಚಿನ ದಿನಚರಿ ಎರಡೂ ಇದ್ದರೆ ಇಂದಿನ ಸ್ಥಿತಿಯನ್ನು ಮತ್ತೆ ಕಟ್ಟಬಹುದು. ಚಿತ್ರವೊಂದೇ ಇದ್ದರೆ ಅದು ಹೇಗೆ ಬಂತು ಎಂದು ಗೊತ್ತಾಗುವುದಿಲ್ಲ. ಇಂದು ದೊಡ್ಡ ದತ್ತಾಂಶ ಸಂಗ್ರಹಗಳು ವಿದ್ಯುತ್ ಹೋಗಿ ಬಂದ ಮೇಲೆ ಚೇತರಿಸಿಕೊಳ್ಳುವುದು ಈ ಜೋಡಿಯಿಂದಲೇ. ತಲಾಟಿಯ ಚಾವಡಿಯಲ್ಲಿ ಆ ಜೋಡಿ ಗಣಕಕ್ಕಿಂತ ಮೊದಲೇ ಇತ್ತು.

ಹಳಸಿದ ಚಿತ್ರದ ಪಾಠ

ಭೂದಾಖಲೆಗಳನ್ನು ಗಣಕಕ್ಕೆ ಸೇರಿಸುವ ಕೇಂದ್ರ ಸರಕಾರದ ಯೋಜನೆ 1980ರ ದಶಕದ ಕೊನೆಗೆ ಹುಟ್ಟಿತು. ಕರ್ನಾಟಕದಲ್ಲಿ 1991ರಲ್ಲಿ ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಯೋಜನೆಯಲ್ಲಿ ಒಂದು ಮೂಲಭೂತ ಕೊರತೆ ಇತ್ತು. ದಾಖಲೆಗಳು ದಿನವೂ ಬದಲಾಗುವ ಜಾಗ ತಾಲೂಕು ಕಚೇರಿ. ಅಲ್ಲಿ ಗಣಕ ಇಡುವ ಏರ್ಪಾಡೇ ಇರಲಿಲ್ಲ. ಅಂದರೆ ಒಮ್ಮೆ ಎಲ್ಲವನ್ನೂ ಗಣಕದಲ್ಲಿ ಟೈಪು ಮಾಡಿದರೂ ಅದರಾಚೆಯ ಬದಲಾವಣೆಗಳು ಕೈಬರಹದ ಪುಸ್ತಕದಲ್ಲೇ ಉಳಿಯುತ್ತಿದ್ದವು. ತೆಗೆದ ಮರುದಿನದಿಂದಲೇ ಚಿತ್ರ ಹಳಸತೊಡಗಿತು.

ಈ ಪಾಠ ಕಲಿತು ಬಂದದ್ದು ಭೂಮಿ ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಇದರ ತಂತ್ರಾಂಶ ಸಿದ್ಧಪಡಿಸಿತು. ಕಂದಾಯ ಇಲಾಖೆಯಲ್ಲಿದ್ದ ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳತ್ವ ವಹಿಸಿದ್ದರು. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಗಣಕದೊಳಗೆ ಬಂದವು. ಈ ಸಲ ಗಣಕಗಳು ತಾಲೂಕು ಕಚೇರಿಯಲ್ಲೇ ಕುಳಿತವು. ಟೈಪಾದ ದಾಖಲೆಗಳನ್ನು ಮುದ್ರಿಸಿ ಗ್ರಾಮ ಲೆಕ್ಕಿಗರು ಮೂಲ ಪುಸ್ತಕದೊಂದಿಗೆ ತಾಳೆ ನೋಡಿದರು. ಆಮೇಲೆ ತಾಲೂಕು ತಾಲೂಕಾಗಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಪಡಿಸಲಾಯಿತು.

ಈ ಕೊನೆಯ ಹೆಜ್ಜೆಯೇ ನಿರ್ಣಾಯಕ. ಎರಡು ಪುಸ್ತಕಗಳು ಒಟ್ಟಿಗೆ ಜೀವಂತವಾಗಿದ್ದರೆ ಯಾವುದು ಸತ್ಯ ಎಂಬ ಪ್ರಶ್ನೆ ಎಂದಿಗೂ ತೀರುವುದಿಲ್ಲ. ಒಂದು ದಿನಾಂಕದ ನಂತರ ಬದಲಾವಣೆಯ ದಾರಿ ಒಂದೇ ಎಂದಾಯಿತು: ಅರ್ಜಿ ಗಣಕಕ್ಕೆ ಬರಬೇಕು, ಬಂದ ಸರದಿಯಲ್ಲೇ ಸಾಗಬೇಕು, ಒಪ್ಪಿಗೆ ಕೊಡುವ ಅಧಿಕಾರಿ ಬೆರಳಚ್ಚಿನ ಮೂಲಕ ತನ್ನ ಗುರುತು ಸ್ಥಾಪಿಸಬೇಕು. ರೈತ 15 ರೂಪಾಯಿ ಕೊಟ್ಟು ಪಡೆಯುತ್ತಿದ್ದ ಮುದ್ರಿತ ಪಹಣಿ ಕೇವಲ ಕಾಗದವಾಗಿರದೆ, ಆ ಗಳಿಗೆಯ ದಾಖಲೆಯ ಕ್ಷಣಚಿತ್ರವಾಯಿತು. ತಾಲೂಕಿನ ಸರ್ವರ್‌ಗಳಲ್ಲಿ ಚದುರಿದ್ದ ದತ್ತಾಂಶ ಮುಂದಿನ ವರ್ಷಗಳಲ್ಲಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದತ್ತ ಸಾಗಿತು.

ತಾಲೂಕು ಒಡೆದಾಗ ಹುಟ್ಟುವ ಪ್ರಶ್ನೆ

ತಿಕೋಟಾ ಮತ್ತು ಬಬಲೇಶ್ವರ ಹಿಂದೆ ವಿಜಯಪುರ ತಾಲೂಕಿನ ಹೋಬಳಿಗಳು. 2017-18ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿಸಿದ 49 ಹೊಸ ತಾಲೂಕುಗಳಲ್ಲಿ ಇವೆರಡೂ ಇದ್ದವು. 2018ರಲ್ಲಿ ಅವು ಅಸ್ತಿತ್ವಕ್ಕೆ ಬಂದವು. ಒಂದು ಕಚೇರಿಯ ಕೆಲಸ ಮೂರಾಗುವ ಇಂಥ ಸಂದರ್ಭವನ್ನು ನಮ್ಮ ಸಮಸ್ಯೆಗೆ ಉದಾಹರಣೆಯಾಗಿ ಬಳಸಿಕೊಳ್ಳೋಣ. ಸುಲಭವಾಗಲೆಂದು ಎಲ್ಲವೂ ಕಾಗದದ ಕಡತಗಳೆಂದೇ ಭಾವಿಸೋಣ.

ವಿಜಯಪುರದ ಕಚೇರಿಯಿಂದ ತಿಕೋಟಾಕ್ಕೆ 100 ಕಡತಗಳು ಜೀಪಿನಲ್ಲಿ ಹೊರಟಿವೆ. ಮೂರೂ ಕಚೇರಿಗಳಲ್ಲಿ ಒಟ್ಟು ಎಷ್ಟು ಕಡತಗಳಿವೆ ಎಂದು ಎಣಿಸಬೇಕಾಗಿದೆ. ಜೀಪು ಹೊರಡುವ ಮೊದಲು ವಿಜಯಪುರದಲ್ಲಿ ಎಣಿಸಿ, ಅದು ತಲುಪಿದ ಮೇಲೆ ತಿಕೋಟಾದಲ್ಲಿ ಎಣಿಸಿದರೆ 100 ಕಡತಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಹೊರಟ ಮೇಲೆ ವಿಜಯಪುರದಲ್ಲಿ, ತಲುಪುವ ಮೊದಲು ತಿಕೋಟಾದಲ್ಲಿ ಎಣಿಸಿದರೆ 100 ಕಡತಗಳು ಮಾಯವಾಗುತ್ತವೆ. ಎರಡೂ ಕಡೆ ಎಣಿಸಿದವರು ಪ್ರಾಮಾಣಿಕರೇ. ಎರಡೂ ಎಣಿಕೆ ಸರಿಯೇ. ಜೋಡಿಸಿದ ಚಿತ್ರ ಮಾತ್ರ ಸುಳ್ಳು. ಕಡತದ ಜಾಗದಲ್ಲಿ ಹೊಲವನ್ನಿಟ್ಟು ನೋಡಿದರೆ ಈ ಸುಳ್ಳಿನ ಬೆಲೆ ತಿಳಿಯುತ್ತದೆ: ಒಂದೇ ಹೊಲಕ್ಕೆ ಇಬ್ಬರು ಒಡೆಯರು, ಇಲ್ಲವೇ ಒಡೆಯನೇ ಇಲ್ಲದ ಹೊಲ.

ಎಲ್ಲ ಕಚೇರಿಗಳನ್ನೂ ಒಂದು ದಿನ ಮುಚ್ಚಿ ಎಣಿಸಿದರೆ ತೊಂದರೆ ಇಲ್ಲ. ಆದರೆ ಮುಚ್ಚುವಂತಿಲ್ಲ ಎಂಬುದೇ ನಮ್ಮ ಷರತ್ತು. ಎಲ್ಲರೂ ಸರಿಯಾಗಿ 12 ಗಂಟೆಗೆ ಎಣಿಸಲಿ ಎಂದರೆ ಮೂರು ಗಡಿಯಾರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡಬೇಕು. ಗಣಕಗಳ ಲೋಕದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲೇ ಎಷ್ಟೋ ವ್ಯವಹಾರ ನಡೆದುಹೋಗುತ್ತದೆ.

ಚಾಂಡಿ ಮತ್ತು ಲ್ಯಾಂಪೋರ್ಟ್ ಕೊಟ್ಟ ಉತ್ತರ

ಈ ಒಗಟನ್ನು ಬಿಡಿಸಿದ ಲೇಖನ 1985ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್. ಚಾಂಡಿ 1965ರಲ್ಲಿ ಮದ್ರಾಸಿನ ಐ.ಐ.ಟಿ.ಯಿಂದ ಪದವಿ ಪಡೆದು ಅಮೆರಿಕಕ್ಕೆ ಹೋದವರು. ಲ್ಯಾಂಪೋರ್ಟ್‌ಗೆ ಮುಂದೆ 2013ರ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಆಸ್ಟಿನ್ ನಗರದಲ್ಲಿ ಒಂದು ರಾತ್ರಿಯ ಊಟದ ಹೊತ್ತಿಗೆ ಚಾಂಡಿ ಈ ಸಮಸ್ಯೆ ಒಡ್ಡಿದರಂತೆ. ಮರುದಿನ ಸ್ನಾನ ಮಾಡುತ್ತಿರುವಾಗ ಲ್ಯಾಂಪೋರ್ಟ್‌ಗೆ ಉತ್ತರ ಹೊಳೆಯಿತು. ಅದನ್ನು ಹೇಳಲು ಚಾಂಡಿಯವರ ಕೊಠಡಿಗೆ ಹೋದರೆ, ಚಾಂಡಿ ಅದೇ ಉತ್ತರ ಹಿಡಿದು ಕಾಯುತ್ತಿದ್ದರು. ಲ್ಯಾಂಪೋರ್ಟ್ ಅವರೇ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ಅವರ ಉಪಾಯವನ್ನು ನಮ್ಮ ಮೂರು ಕಚೇರಿಗಳ ಮೂಲಕ ಅರ್ಥ ಮಾಡಿಕೊಳ್ಳಬಹುದು. ಟಪಾಲು ಕಳಿಸಿದ ಸರದಿಯಲ್ಲೇ ತಲುಪುತ್ತದೆ, ದಾರಿಯಲ್ಲಿ ಒಂದನ್ನೊಂದು ಹಿಂದೆ ಹಾಕುವುದಿಲ್ಲ ಎಂಬುದಷ್ಟೇ ಇಲ್ಲಿನ ಪೂರ್ವಷರತ್ತು. ವಿಜಯಪುರದ ಗುಮಾಸ್ತ ಮೊದಲು ತನ್ನ ಕಡತಗಳನ್ನು ಎಣಿಸಿ ಬರೆದಿಡುತ್ತಾನೆ. ಕೂಡಲೇ, ಬೇರಾವ ಕಡತವನ್ನೂ ಕಳಿಸುವ ಮೊದಲು, ತಿಕೋಟಾಕ್ಕೂ ಬಬಲೇಶ್ವರಕ್ಕೂ ಒಂದೊಂದು ಕೆಂಪು ಚೀಟಿ ಕಳಿಸುತ್ತಾನೆ. ಮೊದಲ ಕೆಂಪು ಚೀಟಿ ಕೈಗೆ ಬಂದ ಕೂಡಲೇ ತಿಕೋಟಾದ ಗುಮಾಸ್ತನೂ ತನ್ನ ಕಡತಗಳನ್ನು ಎಣಿಸಿ ಬರೆದಿಟ್ಟು, ಉಳಿದಿಬ್ಬರಿಗೂ ಕೆಂಪು ಚೀಟಿ ಕಳಿಸುತ್ತಾನೆ. ಬಬಲೇಶ್ವರದವನೂ ಹಾಗೆಯೇ ಮಾಡುತ್ತಾನೆ. ಎಣಿಕೆ ಮುಗಿದ ಮೇಲೆ, ಆದರೆ ಆ ದಾರಿಯ ಕೆಂಪು ಚೀಟಿ ಬರುವ ಮೊದಲು, ಯಾವುದಾದರೂ ಕಡತ ಬಂದರೆ ಅದನ್ನು 'ದಾರಿಯಲ್ಲಿದ್ದದ್ದು' ಎಂಬ ತಲೆಬರಹದಡಿ ಪ್ರತ್ಯೇಕವಾಗಿ ಬರೆದುಕೊಳ್ಳುತ್ತಾರೆ. ಎಲ್ಲ ದಾರಿಗಳಿಂದಲೂ ಕೆಂಪು ಚೀಟಿ ಬಂದಾಗ ಎಣಿಕೆ ಪೂರ್ಣ.

ಈ ನಡುವೆ ಯಾವ ಕಚೇರಿಯೂ ಬಾಗಿಲು ಮುಚ್ಚಲಿಲ್ಲ. ಗಡಿಯಾರ ಯಾರಿಗೂ ಬೇಕಾಗಲಿಲ್ಲ. ಒಂದು ಕಡತವೂ ಎರಡಾಗಲಿಲ್ಲ, ಒಂದೂ ಕಾಣೆಯಾಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಹೀಗೆ ದೊರೆತ ಚಿತ್ರ ಯಾವುದೇ ಒಂದು ಕ್ಷಣದಲ್ಲಿ ನಿಜವಾಗಿ ಇದ್ದ ಸ್ಥಿತಿ ಆಗಿರಲೇಬೇಕೆಂದಿಲ್ಲ. ಆದರೆ ಅದು ಇದ್ದಿರಬಹುದಾದ, ತನ್ನೊಳಗೆ ವಿರೋಧವಿಲ್ಲದ ಸ್ಥಿತಿ. ನಡೆಯುತ್ತಿರುವ ವ್ಯವಸ್ಥೆಯಿಂದ ಕೇಳಬೇಕಾದದ್ದು ಏಕಕಾಲವನ್ನಲ್ಲ, ಸುಸಂಗತತೆಯನ್ನು ಎಂಬುದು ಈ ಇಬ್ಬರು ಕಲಿಸಿದ ಪಾಠ.

ಡಿಸ್ಕಿನಿಂದ ಕ್ಲೌಡ್‌ಗೆ

ಸಿದ್ಧಾಂತದ ಜೊತೆಗೆ ಯಂತ್ರಗಳೂ ಬೆಳೆದವು. 1994ರಲ್ಲಿ ನೆಟ್‌ಆ್ಯಪ್ ಸಂಸ್ಥೆಯ ತಂತ್ರಜ್ಞರು ವಾಫಲ್ ಎಂಬ ಕಡತ ವ್ಯವಸ್ಥೆಯನ್ನು ವಿವರಿಸಿದರು. ಅದು ಹಳೆಯ ಬರಹದ ಮೇಲೆ ಹೊಸದನ್ನು ಬರೆಯುವುದಿಲ್ಲ. ಖಾಲಿ ಜಾಗದಲ್ಲಿ ಬರೆದು, ಯಾವುದು ಎಲ್ಲಿದೆ ಎಂಬ ಪರಿವಿಡಿಯನ್ನು ಮಾತ್ರ ತಿದ್ದುತ್ತದೆ. ಹಳೆಯ ಪರಿವಿಡಿಯನ್ನು ಎಸೆಯದೆ ಇಟ್ಟುಕೊಂಡರೆ ಅದೇ ಕ್ಷಣಚಿತ್ರ. ಇಡೀ ಡಿಸ್ಕನ್ನು ನಕಲು ಮಾಡಬೇಕಾಗಿಲ್ಲ, ಆದ್ದರಿಂದ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

2005ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಓಡುತ್ತಿರುವ ಗಣಕವನ್ನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿ ತೋರಿಸಿದರು. ಮೊದಲು ಸ್ಮೃತಿಯ ಎಲ್ಲ ಪುಟಗಳ ನಕಲು. ಅಷ್ಟರಲ್ಲಿ ಬದಲಾದ ಪುಟಗಳ ಮರುನಕಲು. ಹೀಗೆ ಉಳಿಕೆ ಸಣ್ಣದಾಗುತ್ತ ಬಂದಾಗ ಅರೆಗಳಿಗೆ ನಿಲ್ಲಿಸಿ ಕೊನೆಯ ಕಂತು ಸಾಗಣೆ. ಒಂದು ಪ್ರಯೋಗದಲ್ಲಿ ಈ ನಿಲುಗಡೆ ಕೇವಲ 60 ಮಿಲಿಸೆಕೆಂಡು.

ಅಮೆಜಾನ್ 2006ರಲ್ಲಿ ಸರ್ವರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2008ರ ಆಗಸ್ಟಿನಲ್ಲಿ ಬಾಡಿಗೆ ಡಿಸ್ಕ್‌ಗಳನ್ನೂ ಅವುಗಳ ಕ್ಷಣಚಿತ್ರ ತೆಗೆಯುವ ಸೌಲಭ್ಯವನ್ನೂ ಒದಗಿಸಿತು. ಎರಡನೆಯ ಚಿತ್ರದಿಂದ ಬದಲಾದ ಭಾಗವಷ್ಟೇ ಸಂಗ್ರಹವಾಗುತ್ತಿತ್ತು. ಇದರ ಬೆಲೆ 2011ರ ಏಪ್ರಿಲ್‌ನಲ್ಲಿ ತಿಳಿಯಿತು. ಅಮೆರಿಕದ ಪೂರ್ವ ವಲಯದಲ್ಲಿ ಜಾಲದ ಸಾಮರ್ಥ್ಯ ಹೆಚ್ಚಿಸುವ ವೇಳೆ ಆದ ಎಡವಟ್ಟಿನಿಂದ ಅಸಂಖ್ಯ ಡಿಸ್ಕ್‌ಗಳು ಒಮ್ಮೆಗೇ ತಮ್ಮ ಜೋಡಿ ಪ್ರತಿಗಳನ್ನು ಹುಡುಕತೊಡಗಿ ವ್ಯವಸ್ಥೆ ಕಟ್ಟಿಕೊಂಡಿತು. ತೊಂದರೆಗೀಡಾದ ವಿಭಾಗದ ಶೇ. 0.07ರಷ್ಟು ಡಿಸ್ಕ್‌ಗಳನ್ನು ಸುಸಂಗತ ಸ್ಥಿತಿಗೆ ತರಲು ಕೊನೆಗೂ ಆಗಲಿಲ್ಲ. ಅಂಥ ಡಿಸ್ಕಿನ ಕ್ಷಣಚಿತ್ರ ಮೊದಲೇ ತೆಗೆದಿಟ್ಟಿದ್ದವರಿಗೆ ಆ ಚಿತ್ರದ ದಿನಕ್ಕಾದರೂ ಹಿಂದಿರುಗುವ ದಾರಿ ಇತ್ತು.

ದತ್ತಾಂಶವಲ್ಲ, ವ್ಯವಸ್ಥೆಯ ನಕ್ಷೆ

ಡಿಸ್ಕಿನೊಳಗಿನ ದತ್ತಾಂಶ ಉಳಿದರೆ ಸಾಕೆ? ಎಷ್ಟು ಸರ್ವರ್‌ಗಳಿದ್ದವು, ಯಾವುದು ಯಾವ ಜಾಲಕ್ಕೆ ಜೋಡಿತ್ತು, ಯಾರಿಗೆ ಯಾವ ಬಾಗಿಲು ತೆರೆದಿತ್ತು ಎಂಬುದು ಗೊತ್ತಿಲ್ಲದಿದ್ದರೆ ವ್ಯವಸ್ಥೆಯನ್ನು ಮತ್ತೆ ಕಟ್ಟುವುದು ಕಷ್ಟ. ದತ್ತಾಂಶವನ್ನು ಬೆಳೆಗೆ ಹೋಲಿಸಿದರೆ ಇದು ಹೊಲದ ನಕ್ಷೆ.

ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಆರಂಭಿಸಿದರು. ಗಣಕ ಹೇಗಿರಬೇಕು ಎಂದು ಬರೆದುಕೊಟ್ಟರೆ ಅದನ್ನು ಆ ಸ್ಥಿತಿಗೆ ತರುವುದು ಅದರ ಕೆಲಸ. ಅದೇ ಜಾಡಿನಲ್ಲಿ 2011ರಲ್ಲಿ ಅಮೆಜಾನಿನ ಕ್ಲೌಡ್‌ಫಾರ್ಮೇಶನ್, 2014ರಲ್ಲಿ ಹ್ಯಾಶಿಕಾರ್ಪ್ ಸಂಸ್ಥೆಯ ಟೆರಾಫಾರ್ಮ್ ಬಂದವು. ಇಡೀ ಕ್ಲೌಡ್ ವ್ಯವಸ್ಥೆಯನ್ನು ಒಂದು ಪಠ್ಯದಲ್ಲಿ ಬರೆದಿಡಬಹುದು ಎಂಬುದು ಈಗ ಸಾಮಾನ್ಯ ಪದ್ಧತಿ. ಆದರೆ ಎಷ್ಟೋ ಸಂಸ್ಥೆಗಳು ಮೊದಲು ಕೈಯಿಂದ ಕಟ್ಟಿ, ಬರಹವನ್ನು ಆಮೇಲೆ ನೆನೆಸಿಕೊಂಡವು. ಅವುಗಳಿಗಾಗಿ ಇದ್ದ ಸ್ಥಿತಿಯಿಂದ ಪಠ್ಯ ತೆಗೆಯುವ ಸಲಕರಣೆಗಳು ಹುಟ್ಟಿದವು. ವೇಜ್ ಸಂಸ್ಥೆಯ ತಂತ್ರಜ್ಞರ ಟೆರಾಫಾರ್ಮರ್ ಇಂಥದೊಂದು. ಅಮೆಜಾನ್ ಕೂಡ 2024ರಲ್ಲಿ ಇಂಥ ಸೌಲಭ್ಯ ಒದಗಿಸಿತು.

ಈ ಸಲಕರಣೆಗಳು ಕೆಲಸ ಮಾಡುವ ಬಗೆ ಸರಳ. ಓದಲು ಮಾತ್ರ ಅನುಮತಿಯಿರುವ ಕೀಲಿ ಹಿಡಿದು ತಂತ್ರಾಂಶ ಪ್ರತಿಯೊಂದು ವಲಯದ ಪ್ರತಿಯೊಂದು ಸೇವೆಯನ್ನೂ 'ನಿನ್ನಲ್ಲಿ ಏನೇನಿದೆ?' ಎಂದು ಕೇಳುತ್ತದೆ. ಉತ್ತರ ಪುಟಪುಟವಾಗಿ ಬರುತ್ತದೆ. ಅವುಗಳ ನಡುವಿನ ಸಂಬಂಧ ಗುರುತಿಸಿ ಪಠ್ಯ ಸಿದ್ಧಪಡಿಸುತ್ತದೆ. ನಿನ್ನೆಯ ಪಠ್ಯದೊಡನೆ ಇಂದಿನದನ್ನು ಹೋಲಿಸಿದರೆ ಏನು ಬದಲಾಯಿತು ಎಂಬುದು ತಿಳಿಯುತ್ತದೆ.

ಇಲ್ಲಿಯೂ ಹಳೆಯ ಸಮಸ್ಯೆ ತಲೆಯೆತ್ತುತ್ತದೆ. ಐದನೆಯ ಪುಟ ಓದುವಾಗ ಒಂದನೆಯ ಪುಟ ಬದಲಾಗಿರಬಹುದು. ಅಳಿಸಿಹೋದ ಡಿಸ್ಕಿಗೆ ಜೋಡಿಸಿದ ಸರ್ವರ್ ಚಿತ್ರದಲ್ಲಿ ಕಾಣಬಹುದು. ಬೇರೆಯವರ ಸೇವೆಗಳ ನಡುವೆ ನಮ್ಮ ಕೆಂಪು ಚೀಟಿ ಓಡಾಡಿಸುವಂತಿಲ್ಲ. ಹೀಗಾಗಿ ಬಲ್ಲವರು ಚಿತ್ರ ಶುರುವಾದ ಮತ್ತು ಮುಗಿದ ಹೊತ್ತನ್ನು ಬರೆದಿಟ್ಟು, ಆ ನಡುವಿನ ಘಟನೆಗಳ ದಿನಚರಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ತಾಳೆ ನೋಡುತ್ತಾರೆ. ಅಮೆಜಾನಿನಲ್ಲಿ ಇಂಥ ದಿನಚರಿಯ ಸೌಲಭ್ಯ 2013ರಲ್ಲಿ ಬಂತು, ಸ್ಥಿತಿಯನ್ನು ನಿರಂತರವಾಗಿ ದಾಖಲಿಸುವ ಸೌಲಭ್ಯ 2014ರಲ್ಲಿ ಬಂತು. ಉತಾರ ಮತ್ತು ಮ್ಯುಟೇಶನ್ ರಜಿಸ್ಟರಿನ ಜೋಡಿ ಹೊಸ ವೇಷದಲ್ಲಿ ಮರಳಿತು ಎನ್ನಬಹುದು.

ಚಿತ್ರ ಎಲ್ಲಿಡಬೇಕು, ಯಾವುದಕ್ಕೆ ತಾಳೆ ನೋಡಬೇಕು

ಚಿತ್ರ ತೆಗೆದರಷ್ಟೇ ಸಾಲದು ಎಂಬುದಕ್ಕೆ 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಸ್ಥೆಗೆ ಒದಗಿದ ಗತಿ ಸಾಕ್ಷಿ. ಇತರರ ತಂತ್ರಾಂಶಗಳ ಮೂಲಪಠ್ಯ ಕಾಯುವುದೇ ಅದರ ವ್ಯವಹಾರ. ಕಳ್ಳನೊಬ್ಬ ಅದರ ಕ್ಲೌಡ್ ಖಾತೆಯೊಳಗೆ ನುಗ್ಗಿ, ಹೊರಹಾಕಲು ಯತ್ನಿಸಿದಾಗ ಸರ್ವರ್, ಡಿಸ್ಕ್, ಕ್ಷಣಚಿತ್ರ ಹೀಗೆ ಹೆಚ್ಚಿನದನ್ನೆಲ್ಲ ಅಳಿಸಿಹಾಕಿದ. ಚಿತ್ರಗಳು ಇದ್ದವು, ಆದರೆ ಅವೂ ಅದೇ ಬೀಗದ ಹಿಂದೆ ಇದ್ದವು. ಸಂಸ್ಥೆ ಮುಚ್ಚಿಹೋಯಿತು. ಮೂಲ ಮತ್ತು ಪ್ರತಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದೆಂಬ ಹಳೆಯ ವಿವೇಕ ಇಲ್ಲಿಯೂ ಅನ್ವಯಿಸುತ್ತದೆ.

ಇನ್ನೊಂದು ಮಾತು ಇನ್ನೂ ಆಳದ್ದು. ಬರೆದಿಟ್ಟ ಪಠ್ಯಕ್ಕೂ ನಿಜವಾದ ವ್ಯವಸ್ಥೆಗೂ ನಡುವೆ ಕಾಲಕ್ರಮದಲ್ಲಿ ಬೆಳೆಯುವ ಅಂತರವನ್ನು ತಂತ್ರಜ್ಞರು ಡ್ರಿಫ್ಟ್ ಎನ್ನುತ್ತಾರೆ. ರಾತ್ರಿ ತುರ್ತಿನಲ್ಲಿ ಯಾರೋ ಕೈಯಿಂದ ಒಂದು ಬಾಗಿಲು ತೆರೆದಿರುತ್ತಾರೆ. ಪಠ್ಯದಲ್ಲಿ ಅದು ಮುಚ್ಚಿಯೇ ಇರುತ್ತದೆ. ಭೂದಾಖಲೆಯಲ್ಲಿ ಈ ಡ್ರಿಫ್ಟ್ ಎಲ್ಲರಿಗೂ ಪರಿಚಿತ. ಅಣ್ಣತಮ್ಮಂದಿರು ಬದು ಹಾಕಿಕೊಂಡು ಬೇರೆಬೇರೆ ಉಳುತ್ತಿರುತ್ತಾರೆ, ಪೋಡಿಯಾಗದ ಕಾರಣ ಉತಾರದಲ್ಲಿ ಹೊಲ ಒಂದೇ ಆಗಿರುತ್ತದೆ. ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಯ ನೀರು ಹರಿದು ಒಣ ಹೊಲ ಹಸಿರಾದರೂ, ಯಾರಾದರೂ ದಾಖಲಿಸುವವರೆಗೆ ಕಾಗದದಲ್ಲಿ ಅದು ಒಣಬೇಸಾಯದ ಹೊಲವೇ. ಇದನ್ನು ಸರಿಪಡಿಸಲೆಂದೇ ಮುಂಗಾರಿ, ಹಿಂಗಾರಿ ಹಂಗಾಮುಗಳಲ್ಲಿ ತಲಾಟಿ ಹೊಲಕ್ಕೆ ಹೋಗಿ ಬೆಳೆ ನೋಡಿ ಬರೆಯುವ ಪದ್ಧತಿ ಹಿಂದಿನಿಂದ ಇತ್ತು. ಈಚಿನ ವರ್ಷಗಳಲ್ಲಿ ಮೊಬೈಲ್ ಮೂಲಕ ಛಾಯಾಚಿತ್ರ ಸಹಿತ ಬೆಳೆ ಸಮೀಕ್ಷೆ ನಡೆಯುತ್ತಿದೆ.

ಈ ದೀರ್ಘ ಚರಿತ್ರೆಯಿಂದ ತಿಳಿಯುವುದಿಷ್ಟು. ಬದಲಾಗುತ್ತಿರುವುದರ ಚಿತ್ರ ತೆಗೆಯುವಾಗ ದಾರಿಯಲ್ಲಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಿತ್ರದ ಜೊತೆಗೆ ಬದಲಾವಣೆಗಳ ದಿನಚರಿ ಇರಬೇಕು. ಪ್ರತಿಯನ್ನು ಬೇರೆ ಬೀಗದಲ್ಲಿ ಇಡಬೇಕು. ಆಗಾಗ ಚಿತ್ರವನ್ನು ನಿಜಸ್ಥಿತಿಗೆ ಹೋಲಿಸಿ ನೋಡಬೇಕು. ಸ್ವಯಂಚಾಲಿತ ಸಲಕರಣೆ ಮೊದಲ ಮೂರು ಕೆಲಸಗಳನ್ನು ಮನುಷ್ಯರಿಗಿಂತ ವೇಗವಾಗಿ, ಬೇಸರವಿಲ್ಲದೆ ಮಾಡಬಲ್ಲದು. ನಾಲ್ಕನೆಯದರಲ್ಲಿ ವ್ಯತ್ಯಾಸ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಲೂಬಲ್ಲದು. ಆದರೆ ಆ ವ್ಯತ್ಯಾಸದಲ್ಲಿ ತಪ್ಪಿರುವುದು ಕಾಗದವೋ ಹೊಲವೋ ಎಂದು ತೀರ್ಮಾನಿಸುವುದು ಸಲಕರಣೆಯ ಕೆಲಸವಲ್ಲ. ಅದಕ್ಕೆ ವರ್ದಿ ಕೇಳಿ, ತಕರಾರು ಆಲಿಸಿ, ಹೊಲದ ಬದುವಿನ ಮೇಲೆ ಹೋಗಿ ನಿಲ್ಲುವ ಹೊಣೆಗಾರ ವ್ಯಕ್ತಿ ಇಂದಿಗೂ ಬೇಕು.